ಹಾಲಿನ ಗಾಡಿಯಿಂದ 007ರವರೆಗೆ: ಶಾನ್ ಕಾನರಿ ಬಗ್ಗೆ ಮಾತಾಡೋಣ ಬನ್ನಿ

ಹಾಲಿನ ಕ್ಯಾನು (ಮುಳಬಾಗಿಲು)

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ಸೀಮೆ ಹಸು ಇವೆ. ಬೆಳಗ್ಗೆ ಐದಕ್ಕೆ ಎದ್ದು ಅಪ್ಪನ ಜೊತೆ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಕೋಲಾರದ ಒಂದು ಅಂಗಡಿಗೆ ಲೆಕ್ಕ ಬರೆಯೋಕೆ ಹೋಗುತ್ತೇನೆ. ರಾತ್ರಿ ಊಟ ಆದ ಮೇಲೆ ಸ್ವಲ್ಪವಾದರೂ ಸಿನಿಮಾ ನೋಡದಿದ್ದರೆ ನನಗೆ ನಿದ್ದೆ ಬರಲ್ಲ.

ಒಂದು ತಿಂಗಳಿಂದ ಶಾನ್ ಕಾನರಿಯವರ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಗೂಢಚಾರ 007, ಅಂದರೆ ಜೇಮ್ಸ್ ಬಾಂಡ್ ಪಾತ್ರವನ್ನು ಸಿನಿಮಾದಲ್ಲಿ ಮೊದಲು ಮಾಡಿದ ನಟ ಅವರೇ ಅಲ್ವಾ? ಜೊತೆಗೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಹೋದ ವಾರ ಡೈರಿಯಲ್ಲಿ ಕ್ಯೂ ನಿಂತು ಫೋನಿನಲ್ಲಿ ಓದುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಮನುಷ್ಯನ ಮೊದಲ ಕೆಲಸ ಮನೆ ಮನೆಗೆ ಹಾಲು ಹಾಕೋದು! ಕೈಯಲ್ಲಿ ಕ್ಯಾನು ಹಿಡಿದುಕೊಂಡೇ ಪೂರ್ತಿ ಓದಿದೆ. ಹಿಂದಿನವರು "ಮುಂದಕ್ಕೆ ಹೋಗಪ್ಪ" ಅಂತ ಎರಡು ಸಲ ಕೂಗಬೇಕಾಯಿತು.

1930ರ ಆಗಸ್ಟ್ 25ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವರು. ಪೂರ್ತಿ ಹೆಸರು ಥಾಮಸ್ ಶಾನ್ ಕಾನರಿ, ಬೀದಿಯವರಿಗೆಲ್ಲ ಟಾಮಿ. ಫೌಂಟನ್‌ಬ್ರಿಡ್ಜ್ ಅನ್ನೋ ಕೂಲಿಕಾರರ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಬಿಸಿನೀರಿಲ್ಲ, ಕಕ್ಕಸು ವಠಾರದವರಿಗೆಲ್ಲ ಸೇರಿದ್ದು. ಕೂಸಾಗಿದ್ದಾಗ ಮಲಗಿಸುತ್ತಿದ್ದದ್ದು ಬೀರುವಿನ ಕೆಳಗಿನ ಡ್ರಾಯರಿನಲ್ಲಂತೆ. ಅಪ್ಪ ಕಾರ್ಖಾನೆಯಲ್ಲಿ ದುಡಿದರು, ಲಾರಿ ಓಡಿಸಿದರು. ಅಮ್ಮ ಕಂಡವರ ಮನೆ ಗುಡಿಸಿ ಒರೆಸುತ್ತಿದ್ದರು. 13-14ರಲ್ಲೇ ಓದು ನಿಂತಿತು. ಆಗ ಸೇರಿದ್ದು ಸೇಂಟ್ ಕತ್‌ಬರ್ಟ್ಸ್ ಅನ್ನೋ ಸಹಕಾರ ಸಂಘದ ಡೈರಿಗೆ. ನಮ್ಮೂರಿನ ಡೈರಿಯೂ ಸಹಕಾರ ಸಂಘದ್ದೇ. ಓದ್ತಿದ್ದ ಹಾಗೆ ಯಾಕೋ ಮೈ ಜುಂ ಅಂತು.

ಕುದುರೆ ಗಾಡಿಯಲ್ಲಿ ಹಾಲು ಹಂಚಬೇಕಿತ್ತು. ಆ ಕುದುರೆ ಹೆಸರು ಟಿಚ್. ದಾರಿಯಲ್ಲಿ ಫೆಟಿಸ್ ಅಂತ ದೊಡ್ಡವರ ಮಕ್ಕಳು ಓದುವ ಶಾಲೆ, ಅಲ್ಲಿಗೂ ಇವರೇ ಹಾಲು ಹಾಕುತ್ತಿದ್ದರು. ಮುಂದೆ ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್, ಬಾಂಡ್ ಅದೇ ಶಾಲೆಯಲ್ಲಿ ಓದಿದ್ದ ಅಂತ 1964ರಲ್ಲಿ ಬರೆದರು. ಅಷ್ಟು ಹೊತ್ತಿಗೆ ಹಾಲು ಹಾಕಿದ ಹುಡುಗ ಎರಡು ಸಿನಿಮಾದಲ್ಲಿ ಬಾಂಡ್ ಆಗಿ ಮುಗಿಸಿದ್ದರು.

ನನಗೆ ಅನ್ನಿಸಿದ್ದು ಹೇಳುತ್ತೇನೆ. ಕಾನರಿ ಬಾಂಡ್ ಆಗಿ ಗೆದ್ದಿದ್ದಕ್ಕೆ ಕಾರಣ ಆ ಮೈಯಲ್ಲಿದ್ದ ದುಡಿಮೆ. 1962ರ 'ಡಾಕ್ಟರ್ ನೋ' ಚಿತ್ರದಲ್ಲಿ ಅವರ ಮೊದಲ ದೃಶ್ಯ ನೋಡಿ. ಇಸ್ಪೀಟಿನ ಮೇಜು. ಮೊದಲು ಮುಖ ತೋರಿಸಲ್ಲ. ಎಲೆ ಹಾಕುವ ಕೈ ಕಾಣುತ್ತದೆ, ಹಿಂದಿನಿಂದ ಹೆಗಲು ಕಾಣುತ್ತದೆ. ಎದುರಿನ ಹೆಂಗಸು ಹೆಸರು ಕೇಳಿದ ಮೇಲೇ ಮುಖ, ತುಟಿಯಲ್ಲಿ ಸಿಗರೇಟು. ಆ ಕೈ ಎಷ್ಟು ನಿಧಾನ ಅಂದರೆ, ಭಾರ ಎತ್ತಿ ಇಳಿಸಿ ಅಭ್ಯಾಸ ಇರುವವರ ಕೈ ಹಾಗಿರುತ್ತದೆ. ಸುಮ್ನೆ ಕೂತಿದ್ದರೂ ಬಲ ಕಾಣುತ್ತದೆ.

ನೀವೆಲ್ಲ ಏನಂತೀರಿ?

ಗಣಿಯ ಮಗ (ಕೆಜಿಎಫ್)

ಅಣ್ಣಾ, ಒಳ್ಳೇ ಮಾತು ಎತ್ತಿದಿರಿ. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. ಇಲ್ಲಿ ಆಗ ಇಂಗ್ಲಿಷ್ ಪಿಕ್ಚರ್ ಅಂದರೆ ಜನ ಮುಗಿಬೀಳುತ್ತಿದ್ದರು. ಮಾತು ಅರ್ಥ ಆಗದಿದ್ದವರೂ ಹೋಗುತ್ತಿದ್ದರು. ತಂದೆಗೆ ಕಾನರಿ ಸಿನಿಮಾಗಳಲ್ಲಿ ಕೊನೇವರೆಗೂ ನೆನಪಿದ್ದದ್ದು ಒಂದೇ ದೃಶ್ಯ. 1963ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದ ರೈಲಿನ ಹೊಡೆದಾಟ.

ರಾಬರ್ಟ್ ಶಾ ಅನ್ನೋ ನಟ ಎದುರಾಳಿ. ಇಬ್ಬರೂ ಆಳೆತ್ತರದ ಗಟ್ಟಿ ಆಳುಗಳು, ಜಾಗ ಮಾತ್ರ ಒಂದು ಡಬ್ಬಿ. ಬಲ್ಬು ಒಡೆದು ಹೋಗುತ್ತದೆ, ನೀಲಿ ಬೆಳಕು ಮಾತ್ರ ಉಳಿಯುತ್ತದೆ. ಹಿನ್ನೆಲೆ ಸಂಗೀತ ಇಲ್ಲ. ರೈಲಿನ ಸದ್ದು, ಏದುಸಿರು, ಗಾಜು ಪುಡಿಯಾಗೋ ಶಬ್ದ, ಅಷ್ಟೇ. ಬಹುಪಾಲು ಹೊಡೆದಾಟ ಆ ಇಬ್ಬರೇ ಮಾಡಿದ್ದು, ಡೂಪುಗಳಿಗೆ ಕೆಲಸ ಕಡಿಮೆ.

ತಂದೆ ಹೇಳುತ್ತಿದ್ದರು: "ಇವನಿಗೆ ಇಕ್ಕಟ್ಟು ಗೊತ್ತು ಕಣೋ. ಕೈ ಎಲ್ಲಿಡಬೇಕು, ಕಾಲು ಎಲ್ಲಿ ಊರಬೇಕು ಗೊತ್ತು." ದಿನಾ ಗಣಿಯ ಕೇಜಿನಲ್ಲಿ ಮೈಗೆ ಮೈ ಒತ್ತಿಕೊಂಡು ಕೆಳಗೆ ಇಳಿಯುತ್ತಿದ್ದವರ ಮಾತು ಅದು. ಇವತ್ತು ನಿಮ್ಮ ಬರಹ ಓದಿದಾಗ ಅದರ ಅರ್ಥ ಆಯಿತು. ಎರಡು ಕೋಣೆಯ ಮನೆಯಲ್ಲಿ ಬೆಳೆದವರಿಗೆ ಇಕ್ಕಟ್ಟು ಯಾರೂ ಕಲಿಸಬೇಕಿಲ್ಲ.

ಬಂಗಾರಪೇಟೆ ಲೋಕಲ್

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನಗೆ ಬಾಂಡ್ ಅಂದರೆ ರೋಜರ್ ಮೂರ್. 1973ರಿಂದ 1985ರವರೆಗೆ ಏಳು ಸಿನಿಮಾ. ಮುಖದಲ್ಲಿ ಸದಾ ನಗು. 1983ರ 'ಆಕ್ಟೊಪಸಿ' ಚಿತ್ರಕ್ಕೆ ನಮ್ಮ ಉದಯಪುರಕ್ಕೆ ಬಂದರು. ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಇದ್ದರು, ಕಬೀರ್ ಬೇಡಿ ಇದ್ದರು. ಆಟೋ ಹತ್ತಿ ಓಡೋ ದೃಶ್ಯಕ್ಕೆ ನಮ್ಮನೆಯಲ್ಲಿ ಇವತ್ತಿಗೂ ಚಪ್ಪಾಳೆ ಬೀಳುತ್ತದೆ.

ಅದೇ ವರ್ಷ ಕಾನರಿಯೂ ಬೇರೆ ನಿರ್ಮಾಪಕರ ಜೊತೆ 'ನೆವರ್ ಸೇ ನೆವರ್ ಅಗೇನ್' ಮಾಡಿದರು. ಇನ್ನು ಬಾಂಡ್ ಆಗಲ್ಲ ಅಂದವರು ಮತ್ತೆ ಬಂದರಲ್ಲ ಅಂತ, ಆ ಹೆಸರು ಸೂಚಿಸಿದ್ದು ಅವರ ಹೆಂಡತಿ ಮಿಶಲಿನ್. ಆ ವರ್ಷ ಜಾಸ್ತಿ ದುಡ್ಡು ಮಾಡಿದ್ದು ಮೂರ್ ಚಿತ್ರವೇ.

ಕಾನರಿ ಬಾಂಡ್‌ನಲ್ಲಿ ಒಂದು ಕಾಠಿಣ್ಯ ಇದೆ. ಇಸ್ಪೀಟು ಆಡ್ತಾ ಕೂತು, ಎದುರಿನವನ ಗುಂಡು ಖಾಲಿ ಆಗಲಿ ಅಂತ ಕಾದು, ಆಮೇಲೆ ತಣ್ಣಗೆ ಹೊಡೆದು ಹಾಕೋ ದೃಶ್ಯ ಇದೆಯಲ್ಲ, ಅದು ನೋಡಿದರೆ ನನಗೆ ಭಯ ಆಗುತ್ತದೆ. ನಾಯಕ ಅನ್ನಿಸಲ್ಲ.

ಹಾಲಿನ ಕ್ಯಾನು (ಮುಳಬಾಗಿಲು)

ಬೇಜಾರು ಯಾಕೆ, ಮೂರ್ ನನಗೂ ಇಷ್ಟ. ಆದರೆ ಗೂಢಚಾರನನ್ನು ನೋಡಿದರೆ ಸ್ವಲ್ಪ ಭಯ ಆಗಲೇಬೇಕು ಅಂತ ನನ್ನ ಅನಿಸಿಕೆ. ಅವನ ಕೆಲಸವೇ ಅದು. ಸರ್ಕಾರ ಕೊಲ್ಲೋಕೆ ಅನುಮತಿ ಕೊಟ್ಟಿರುವ ಮನುಷ್ಯ. ಕಾನರಿ ಅದನ್ನು ಮುಚ್ಚಿಡಲಿಲ್ಲ.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಮುಳಬಾಗಿಲಿನ ತಮ್ಮಾ, ನಿಮ್ಮ ಮಾತಿಗೆ ಒಂದು ತಿದ್ದುಪಡಿ. ಬರೀ ದುಡಿಮೆ ಮೈಯಲ್ಲಿದ್ದರೆ ನಟ ಆಗಲ್ಲ. ಹಾಗಿದ್ದರೆ ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಹೊರುವ ಹುಡುಗರೆಲ್ಲ ನಟರಾಗಬೇಕಿತ್ತು. ಕಾನರಿ ಕಲಿತರು. ಕಲಿತ ರೀತಿಯೇ ನನಗೆ ಎಲ್ಲಕ್ಕಿಂತ ಇಷ್ಟ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಾಲಿನ ಕೆಲಸದ ನಂತರ 16ರಲ್ಲಿ ನೌಕಾಪಡೆ ಸೇರಿದರು. ಹೊಟ್ಟೆಯ ಹುಣ್ಣಿನಿಂದ 19ಕ್ಕೇ ಮನೆಗೆ ಕಳಿಸಿದರು. ತೋಳಿನ ಮೇಲೆ ಎರಡು ಹಚ್ಚೆ ಉಳಿದವು. ಒಂದು ಅಪ್ಪ ಅಮ್ಮನಿಗೆ, ಇನ್ನೊಂದು ಸ್ಕಾಟ್ಲೆಂಡಿಗೆ. ಆಮೇಲೆ ಲಾರಿ ಓಡಿಸಿದರು, ಶವಪೆಟ್ಟಿಗೆಗೆ ಪಾಲಿಶ್ ಹಾಕಿದರು, ಚಿತ್ರಕಲಾ ಶಾಲೆಯಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡೆಲ್ ಆಗಿ ಗಂಟೆಗಟ್ಟಲೆ ನಿಂತರು. ಕಸರತ್ತು ಮಾಡಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಗೆ ಲಂಡನ್ನಿಗೆ ಹೋದರು. 'ಸೌತ್ ಪೆಸಿಫಿಕ್' ಅನ್ನೋ ಸಂಗೀತ ನಾಟಕದ ಹಿಂದಿನ ಸಾಲಿನಲ್ಲಿ ಸಣ್ಣ ಜಾಗ ಸಿಕ್ಕಿತು. ಆಗ ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯಿಂದ ಫುಟ್ಬಾಲ್ ಆಡೋಕೂ ಕರೆ ಬಂದಿತ್ತು. ಯೋಚನೆ ಮಾಡಿದರು. ಆಟಗಾರನ ಕಾಲ ಮೂವತ್ತಕ್ಕೆ ಮುಗಿಯುತ್ತದೆ, ನಟನ ಕಾಲ ಮುಗಿಯಲ್ಲ ಅಂತ ನಾಟಕವನ್ನೇ ಹಿಡಿದರು.

ಆ ನಾಟಕದ ಬಳಗದಲ್ಲಿ ರಾಬರ್ಟ್ ಹೆಂಡರ್ಸನ್ ಅನ್ನೋ ಹಿರಿಯ ನಟರಿದ್ದರು. ಅವರು ಈ ಹುಡುಗನಿಗೆ ಓದಬೇಕಾದ ಲೇಖಕರ ಒಂದು ಪಟ್ಟಿ ಬರೆದುಕೊಟ್ಟರು. ಇಬ್ಸನ್, ಬರ್ನಾರ್ಡ್ ಶಾ, ಟಾಲ್‌ಸ್ಟಾಯ್, ಹೀಗೆ. ಊರೂರಿಗೆ ನಾಟಕ ಹೋಗುತ್ತಿತ್ತು, ಹೋದ ಊರಲ್ಲೆಲ್ಲ ಕಾನರಿ ಲೈಬ್ರರಿ ಹುಡುಕಿಕೊಂಡು ಹೋಗಿ ಕೂರುತ್ತಿದ್ದರು. ಶಾಲೆ ಬಿಟ್ಟ ಹುಡುಗ ಇಪ್ಪತ್ತರ ಆಚೆ ಓದೋಕೆ ಶುರು ಮಾಡಿದ್ದು. ನಮ್ಮ ಮಕ್ಕಳಿಗೆ ನಾನು ಈ ಕಥೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ.

ಇನ್ನು ಆ ನಡಿಗೆ. ಎಲ್ಲರೂ ಚಿರತೆ ನಡಿಗೆ ಅಂತಾರೆ. ಬಾಂಡ್ ನಿರ್ಮಾಪಕರಾದ ಬ್ರಾಕೊಲಿ ಮತ್ತು ಸಾಲ್ಟ್ಸ್‌ಮನ್ ಇವರನ್ನು ಮಾತಾಡಿಸಿ ಕಳಿಸಿ, ಕಿಟಕಿಯಿಂದ ನೋಡಿದರಂತೆ. ಇವರು ರಸ್ತೆ ದಾಟಿ ಹೋದ ರೀತಿ ನೋಡಿಯೇ ಇವರೇ ಬಾಂಡ್ ಅಂತ ತೀರ್ಮಾನ ಆಯಿತಂತೆ. ಆ ನಡಿಗೆಯ ಹಿಂದೆ ಪಾಠ ಇದೆ. ಯಾಟ್ ಮಾಲ್ಮ್‌ಗ್ರೆನ್ ಅನ್ನೋ ಸ್ವೀಡನ್ನಿನ ನೃತ್ಯ ಗುರುವಿನ ಹತ್ತಿರ ಮೈಯನ್ನು ಹೇಗೆ ಆಡಿಸಬೇಕು ಅಂತ ಕಲಿತಿದ್ದರು. ನಿಲ್ಲೋದು, ಕೂರೋದು, ತಿರುಗೋದು ಎಲ್ಲವನ್ನೂ.

ಫ್ಲೆಮಿಂಗ್‌ಗೆ ಮೊದಲು ಇವರು ಹಿಡಿಸಲಿಲ್ಲ. ದೊಡ್ಡ ಮೈಯ ಒರಟ, ನನ್ನ ಬಾಂಡ್ ಇವನಲ್ಲ ಅಂದುಬಿಟ್ಟರು. ನಿರ್ದೇಶಕ ಟೆರೆನ್ಸ್ ಯಂಗ್ ಬಿಡಲಿಲ್ಲ. ಕಾನರಿಯನ್ನು ತಮ್ಮ ಟೈಲರ್ ಹತ್ತಿರ ಕರೆದುಕೊಂಡು ಹೋದರು. ಸೂಟು ಹೊಲಿಸಿ, ಅದನ್ನು ಹಾಕಿಕೊಂಡೇ ಮಲಗು ಅಂದರಂತೆ. ಬಟ್ಟೆ ಮೈಗೆ ಒಗ್ಗಬೇಕು, ಹೊಸಬನ ಹಾಗೆ ಕಾಣಬಾರದು ಅಂತ. ಫ್ಲೆಮಿಂಗ್ ಕೊನೆಗೆ ಒಪ್ಪಿದರು. ಎಷ್ಟು ಒಪ್ಪಿದರು ಅಂದರೆ ನೀವು ಹೇಳಿದ 1964ರ ಕಾದಂಬರಿಯಲ್ಲಿ ಬಾಂಡ್‌ನ ಅಪ್ಪ ಸ್ಕಾಟ್ಲೆಂಡಿನವನು ಅಂತ ಬರೆದರು. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು. 'ಗೋಲ್ಡ್‌ಫಿಂಗರ್' ತೆರೆ ಕಂಡಿದ್ದು ಆಮೇಲೆ.

ಹಾಲಿನ ಕ್ಯಾನು (ಮುಳಬಾಗಿಲು)

ಮೇಷ್ಟ್ರೇ, ಕೈ ಮುಗಿದೆ. ಸೂಟು ಹಾಕಿಕೊಂಡು ಮಲಗಿದ ಮಾತು ಮನಸ್ಸಿಗೆ ನಾಟಿತು. ನನ್ನ ಮದುವೆ ಸೂಟಿನಲ್ಲಿ ನಾನು ಕೈ ಮಡಚೋಕೆ ಹೆದರಿ ನಿಂತಿದ್ದ ಫೋಟೋ ನೆನಪಾಯಿತು. ಒಪ್ಪಿದೆ, ದುಡಿಮೆ ಜೊತೆ ಕಲಿಕೆಯೂ ಇತ್ತು.

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರೂ ಹೊಗಳುತ್ತಿದ್ದೀರಿ. ನನಗೂ ಅವರ ಸಿನಿಮಾ ಇಷ್ಟ, ಅದಕ್ಕೇ ಈ ಮಾತು ಇಲ್ಲಿ ಹೇಳಬೇಕು ಅನ್ನಿಸಿತು.

1965ರಲ್ಲಿ ಒಂದು ಪತ್ರಿಕೆಯ ಸಂದರ್ಶನದಲ್ಲಿ, ಹೆಂಗಸಿಗೆ ಹೊಡೆಯೋದರಲ್ಲಿ ಅಂಥ ದೊಡ್ಡ ತಪ್ಪೇನಿಲ್ಲ ಅನ್ನೋ ಅರ್ಥದ ಮಾತು ಆಡಿದರು. ಅದು ಹಳೇ ಕಾಲ ಅಂತ ಬಿಡೋಣ ಅಂದರೆ, 1987ರಲ್ಲಿ ಅಮೆರಿಕದ ಟಿವಿಯಲ್ಲಿ ಬಾರ್ಬರಾ ವಾಲ್ಟರ್ಸ್ ಅದನ್ನೇ ಕೇಳಿದಾಗ, ನನ್ನ ಅಭಿಪ್ರಾಯ ಬದಲಾಗಿಲ್ಲ ಅಂದರು. ಆ ವೀಡಿಯೊ ನಾನು ನೋಡಿದ್ದೇನೆ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಅವರ ಮೊದಲ ಹೆಂಡತಿ, ನಟಿ ಡಯೇನ್ ಸಿಲೆಂಟೊ, ತಮಗೆ ಹೊಡೆಯುತ್ತಿದ್ದರು ಅಂತ 2006ರಲ್ಲಿ ಬರೆದರು. ಕಾನರಿ ಅದನ್ನು ಒಪ್ಪಲಿಲ್ಲ.

ನಾನು ರೇಷ್ಮೆ ಫಿಲೇಚರಿನಲ್ಲಿ ಬಿಚ್ಚಾಣಿಕೆ ಕೆಲಸ ಮಾಡೋ ಹೆಂಗಸರ ಮಧ್ಯೆ ಬೆಳೆದವಳು. ದಿನವೆಲ್ಲ ಬಿಸಿನೀರಿನಲ್ಲಿ ಕೈ ಅದ್ದಿ ನೂಲು ತೆಗೆದು, ಮನೆಗೆ ಹೋಗಿ ಏಟು ತಿಂದವರನ್ನು ನೋಡಿದ್ದೇನೆ. ಬೆಳಗ್ಗೆ ಸೆರಗು ಎಳೆದುಕೊಂಡು ಮತ್ತೆ ಕೆಲಸಕ್ಕೆ ಬಂದು ಕೂರುತ್ತಿದ್ದರು. ಹಾಗಾಗಿ ಇಂಥ ಮಾತು ಯಾರು ಆಡಿದರೂ ನನಗೆ ಅದು ಬರೀ ಅಭಿಪ್ರಾಯ ಅನ್ನಿಸಲ್ಲ. 'ಗೋಲ್ಡ್‌ಫಿಂಗರ್'ನಲ್ಲಿ ಹುಲ್ಲಿನ ಕೊಟ್ಟಿಗೆಯ ದೃಶ್ಯ ಇದೆಯಲ್ಲ, ಅವಳು ಬೇಡ ಅಂದರೂ ಬಿಡದ ದೃಶ್ಯ, ಅದನ್ನು ಈಗ ನನ್ನ ಮಗಳ ಜೊತೆ ಕೂತು ನೋಡೋಕೆ ಆಗಲ್ಲ.

ದುಡಿದವರ ಮನೆಯಿಂದ ಬಂದವರು, ಅಮ್ಮ ಕಂಡವರ ಮನೆ ಒರೆಸಿದವರು. ಅಂಥವರ ಬಾಯಲ್ಲಿ ಈ ಮಾತು ಬಂತಲ್ಲ ಅಂತ ನನಗೆ ಇನ್ನೂ ಜಾಸ್ತಿ ನೋವು.

ಹಾಲಿನ ಕ್ಯಾನು (ಮುಳಬಾಗಿಲು)

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಹೇಳಿದ್ದು ಸರಿ. ಮೊದಲ ಬರಹದಲ್ಲಿ ನಾನೇ ಇದನ್ನು ಸೇರಿಸಬೇಕಿತ್ತು. ಆ ಮಾತಿಗೆ ನನ್ನ ಹತ್ತಿರ ಸಮರ್ಥನೆ ಇಲ್ಲ, ಹುಡುಕೋದೂ ಇಲ್ಲ.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ತಾಯೀ, ಒಂದೇ ಒಂದು ಸಂಗತಿ ಸೇರಿಸುತ್ತೇನೆ, ಸಮರ್ಥನೆಗೆ ಅಲ್ಲ. ಹೆಂಗಸರ ಮೇಲೆ ಯಾವ ಬಗೆಯ ದೌರ್ಜನ್ಯವೂ ಸರಿಯಲ್ಲ ಅಂತ 2006ರಲ್ಲಿ ಅವರೇ ಹೇಳಿದರು. ಅಷ್ಟು ಹೊತ್ತಿಗೆ ವಯಸ್ಸು 75 ದಾಟಿತ್ತು. ಬಹಳ ತಡ.

ಗುಬ್ಬಿಯವನು (ತುಮಕೂರು)

ನಾನು ಪಕ್ಕದ ಜಿಲ್ಲೆಯವನು, ಆದರೂ ಬರೆಯದೆ ಇರೋಕೆ ಆಗಲಿಲ್ಲ. ಗೂಢಚಾರ ಅಂದ ಮೇಲೆ ನಮ್ಮ ಅಣ್ಣಾವ್ರ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ!

ಬಾಂಡ್ ಚಿತ್ರಗಳ ಗಾಳಿ ನಮ್ಮಲ್ಲಿಗೂ ಬೀಸಿದಾಗ ದೊರೆ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ಮಾಡಿತು. ರಾಜ್‌ಕುಮಾರ್ ಸಿ.ಐ.ಡಿ. 999. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಒಟ್ಟು ನಾಲ್ಕು.

ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಣ್ಣಾವ್ರು ಹುಟ್ಟಿದ್ದು 1929ರ ಏಪ್ರಿಲ್ 24, ಕಾನರಿ 1930. ಇಬ್ಬರೂ ಬಡವರ ಮಕ್ಕಳು, ಇಬ್ಬರೂ ಚಿಕ್ಕಂದಿನಲ್ಲೇ ಓದು ಬಿಟ್ಟವರು. ಅಣ್ಣಾವ್ರು ಅಪ್ಪ ಪುಟ್ಟಸ್ವಾಮಯ್ಯನವರ ಜೊತೆ ನಮ್ಮ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಅಲ್ಲಿ ಮಾತು, ಹಾಡು, ನಿಲುವು ಎಲ್ಲ ಕಲಿತು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಪರದೆಗೆ ಬಂದರು. ಮೇಷ್ಟ್ರು ಹೇಳಿದ ಹಾಗೆ ಕಾನರಿಯೂ ಊರೂರು ತಿರುಗೋ ನಾಟಕದಲ್ಲೇ ಕಲಿತವರು.

ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಅಣ್ಣಾವ್ರಿಗೆ 999 ಅಂಟಿಕೊಳ್ಳಲಿಲ್ಲ. ಅದಕ್ಕೂ ಮೊದಲೇ ಜನ ಅವರನ್ನು ಕನಕದಾಸನಾಗಿ, ರಣಧೀರ ಕಂಠೀರವನಾಗಿ ನೋಡಿದ್ದರು. ಆಮೇಲೆ 'ಬಂಗಾರದ ಮನುಷ್ಯ'ದ ರೈತನಾಗಿಯೂ ನೋಡಿದರು. ಪಂಚೆ ಉಟ್ಟರೆ ಸಂತ, ಕೋಟು ಹಾಕಿದರೆ ಪತ್ತೇದಾರ, ಜನ ಎರಡನ್ನೂ ಒಪ್ಪಿದರು. ಕಾನರಿಗೆ ಆ ಭಾಗ್ಯ ಸಿಗಲಿಲ್ಲ. ಬಾಂಡ್ ಅವರ ಬೆನ್ನು ಹತ್ತಿ ಕೂತುಬಿಟ್ಟ. ಹಿಚ್‌ಕಾಕ್ ಜೊತೆ 'ಮಾರ್ನಿ' ಮಾಡಿದರು, ಸಿಡ್ನಿ ಲ್ಯೂಮೆಟ್ ಜೊತೆ 1965ರಲ್ಲಿ 'ದ ಹಿಲ್' ಮಾಡಿದರು. ಮರಳುಗಾಡಿನ ಸೈನಿಕ ಜೈಲಿನ ಕಥೆ, ಮೈ ಬಗ್ಗಿಸಿ ಮಾಡಿದ ಪಾತ್ರ. ಎಷ್ಟು ಜನ ನೋಡಿದ್ದೀರಿ?

ಗಣಿಯ ಮಗ (ಕೆಜಿಎಫ್)

'ದ ಹಿಲ್' ನೋಡಿದ್ದೇನೆ. ಉರಿಬಿಸಿಲಿನಲ್ಲಿ ಮರಳಿನ ದಿಬ್ಬ ಹತ್ತಿ ಇಳಿಸೋ ಶಿಕ್ಷೆ. ನೋಡ್ತಾ ನೋಡ್ತಾ ನನ್ನ ಬಾಯಿ ಒಣಗಿತ್ತು.

ಬಾಂಡ್ ಬೆನ್ನು ಹತ್ತಿದ ಮಾತಿಗೆ ಸೇರಿಸುತ್ತೇನೆ. ಐದನೇ ಚಿತ್ರ 'ಯು ಓನ್ಲಿ ಲಿವ್ ಟ್ವೈಸ್' ಶೂಟಿಂಗಿಗೆ ಜಪಾನಿಗೆ ಹೋದಾಗ ಫೋಟೋ ತೆಗೆಯುವವರು ಕಕ್ಕಸಿನವರೆಗೂ ಹಿಂಬಾಲಿಸಿ ಬಂದರಂತೆ. ಸಾಕಾಯಿತು, 1967ರಲ್ಲಿ ಬಿಟ್ಟರು. ಜಾರ್ಜ್ ಲೇಜನ್‌ಬಿ ಒಂದು ಸಿನಿಮಾ ಮಾಡಿ ಹೋದರು. 1971ರಲ್ಲಿ ಮತ್ತೆ ಕಾನರಿಯನ್ನೇ ಕರೆದರು, 'ಡೈಮಂಡ್ಸ್ ಆರ್ ಫಾರೆವರ್' ಚಿತ್ರಕ್ಕೆ. ಇವರು ಕೇಳಿದ್ದು 12.5 ಲಕ್ಷ ಡಾಲರ್. ಆ ಕಾಲಕ್ಕೆ ಅದೊಂದು ದಾಖಲೆ. ಅದರ ಜೊತೆಗೆ ತಮಗೆ ಬೇಕಾದ ಬೇರೆ ಎರಡು ಸಿನಿಮಾಕ್ಕೂ ಕಂಪನಿ ದುಡ್ಡು ಹಾಕಬೇಕು ಅಂತ ಷರತ್ತು.

ಆ 12.5 ಲಕ್ಷವನ್ನು ಏನು ಮಾಡಿದರು ಗೊತ್ತಾ? ಸ್ಕಾಟ್ಲೆಂಡಿನ ಮಕ್ಕಳ ಓದಿಗೆ ಅಂತ ಒಂದು ಟ್ರಸ್ಟ್ ಕಟ್ಟಿ ಅದಕ್ಕೆ ಕೊಟ್ಟರು. ಕಾರ್ ರೇಸಿನ ಜ್ಯಾಕಿ ಸ್ಟುವರ್ಟ್ ಕೂಡ ಆ ಕೆಲಸದಲ್ಲಿ ಜೊತೆಗಿದ್ದರು. ಓದು ಸಿಗದಿದ್ದವರು ಓದಿಗೆ ಕೊಟ್ಟದ್ದು. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದಾಗ ಎಷ್ಟು ಮನೆಯ ಮಕ್ಕಳು ಕಾಲೇಜು ಬಿಟ್ಟು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೊರಟರು ಅಂತ ನಾನು ಕಣ್ಣಾರೆ ನೋಡಿದವನು. ನಾನೂ ಒಬ್ಬ. ಹಾಗಾಗಿ ಈ ಸಂಗತಿ ನನಗೆ ಅವರ ಎಲ್ಲ ಸಿನಿಮಾಗಿಂತ ದೊಡ್ಡದು.

ಬಂಗಾರಪೇಟೆ ಲೋಕಲ್

ಇದು ಗೊತ್ತಿರಲಿಲ್ಲ. ನಿಜಕ್ಕೂ ದೊಡ್ಡ ಕೆಲಸ. ಸರಿ, ಬಾಂಡ್ ಬಿಟ್ಟು ಅವರದ್ದು ಒಂದೇ ಒಂದು ಸಿನಿಮಾ ಹೇಳಿ, ಈ ಭಾನುವಾರ ನೋಡುತ್ತೇನೆ.

ಹಾಲಿನ ಕ್ಯಾನು (ಮುಳಬಾಗಿಲು)

'ದ ಅನ್‌ಟಚಬಲ್ಸ್', 1987. ಕಣ್ಣು ಮುಚ್ಚಿಕೊಂಡು ಹಾಕಿ.

ಈ ಮಧ್ಯೆ ನಾನು ಇನ್ನೊಂದು ವಿಷಯ ಹೇಳಬೇಕು. ಅಸಲಿಗೆ ಈ ಚರ್ಚೆ ಶುರು ಮಾಡಿದ್ದೇ ಅದಕ್ಕೆ, ಮೊದಲ ದಿನ ಬರೆಯೋಕೆ ಧೈರ್ಯ ಬರಲಿಲ್ಲ.

ಓದು ಮುಗಿಸಿ ಬೆಂಗಳೂರಿನಲ್ಲಿ ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ನಮ್ಮ ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಎರಡೂ ನಮ್ಮದೇ. ಮಾತಿನಲ್ಲಿ ಆ ರಾಗ ಇದ್ದೇ ಇರುತ್ತದೆ. ನಾನು ಎರಡು ವಾಕ್ಯ ಮಾತಾಡಿದ್ದೆ. ಎದುರಿಗಿದ್ದವರು ಪಕ್ಕದವರನ್ನು ನೋಡಿ ನಕ್ಕು, "ಕೋಲಾರನಾ? ಆಂಧ್ರನಾ?" ಅಂದರು. ಆಮೇಲೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೂ ಬಾಯಿ ಬರಲಿಲ್ಲ. ಕೆಲಸ ಸಿಗಲಿಲ್ಲ. ಎಷ್ಟೋ ತಿಂಗಳು ಹೊಸಬರ ಹತ್ತಿರ ಫೋನಿನಲ್ಲಿ ಮಾತಾಡೋಕೂ ಹಿಂಜರಿಯುತ್ತಿದ್ದೆ.

ಕಾನರಿ ಸಿನಿಮಾಗಳನ್ನು ಸಾಲಾಗಿ ನೋಡುವಾಗ ನನಗೆ ಸಿಕ್ಕಿದ್ದು ಅವರ ಮಾತು. ಅವರ 'ಸ' ನಮ್ಮ 'ಶ' ಥರ ಕೇಳಿಸುತ್ತದೆ. ಎಡಿನ್‌ಬರೋದ ಬೀದಿಯ ಇಂಗ್ಲಿಷ್. 1975ರಲ್ಲಿ 'ದ ವಿಂಡ್ ಅಂಡ್ ದ ಲಯನ್'ನಲ್ಲಿ ಮೊರಾಕೊದ ನಾಯಕ, ಅದೇ ಮಾತು. 'ಹೈಲ್ಯಾಂಡರ್'ನಲ್ಲಿ ಸ್ಪೇನಿನ ದಿರಿಸು, ಅದೇ ಮಾತು. 1990ರ 'ದ ಹಂಟ್ ಫಾರ್ ರೆಡ್ ಅಕ್ಟೋಬರ್'ನಲ್ಲಿ ಸೋವಿಯತ್ ಸಬ್‌ಮರೀನಿನ ಕ್ಯಾಪ್ಟನ್, ಅದೇ ಮಾತು! ನಕ್ಕವರು ಬೇಕಾದಷ್ಟು ಜನ. ಅವರು ಬದಲಾಯಿಸಲಿಲ್ಲ. ಫೌಂಟನ್‌ಬ್ರಿಡ್ಜಿನ ನಾಲಿಗೆಯಲ್ಲೇ ಎಲ್ಲ ದೇಶದ ಪಾತ್ರ ಮಾಡಿದರು. ಇಷ್ಟು ದಿನ ನಾನು ಮುಚ್ಚಿಡಬೇಕು ಅಂದುಕೊಂಡಿದ್ದನ್ನು ಒಬ್ಬ ಮನುಷ್ಯ ಜಗತ್ತಿನ ಮುಂದೆ ಜೋರಾಗಿ ಆಡಿದ್ದಾರೆ ಅಂತ ಕಂಡಾಗ ಎದೆ ಹಗುರ ಆಯಿತು.

ರೇಷ್ಮೆಗೂಡು (ಶಿಡ್ಲಘಟ್ಟ)

ತಮ್ಮಾ, ನಮ್ಮ ಮನೆಯಲ್ಲೂ ಅಷ್ಟೇ. ತೆಲುಗಿನಲ್ಲಿ ಬೈಗುಳ, ಕನ್ನಡದಲ್ಲಿ ಲೆಕ್ಕ, ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು. ನಿನ್ನ ಮಾತು ನೋಡಿ ನಕ್ಕವರಿಗೆ ಒಂದು ಭಾಷೆಯಾದರೂ ಇಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಇದನ್ನು ಮೊದಲೇ ಹೇಳಬೇಕಿತ್ತು ಕಣಪ್ಪ. ನಾನು ನಲವತ್ತು ವರ್ಷದ ಹಿಂದೆ ಮೇಷ್ಟ್ರಾಗಿ ಸೇರಿದಾಗ ನನ್ನ ಇಂಗ್ಲಿಷ್ ಕೇಳಿ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ನಾನು ಮಾತು ಬದಲಾಯಿಸಿಕೊಂಡೆ. ಈಗ ಅನ್ನಿಸುತ್ತದೆ, ಬೇಕಿರಲಿಲ್ಲ.

ಗುಬ್ಬಿಯವನು (ತುಮಕೂರು)

ಅವರ ಊರ ಅಭಿಮಾನದ ಇನ್ನೊಂದು ಗುರುತು. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕು ಅನ್ನೋ ಪಕ್ಷಕ್ಕೆ ಬಹಿರಂಗವಾಗಿ ಬೆಂಬಲ ಕೊಟ್ಟವರು. ಅದರಿಂದಲೇ 'ಸರ್' ಪದವಿ ತಡ ಆಯಿತು ಅನ್ನೋ ಮಾತಿದೆ. ಕೊನೆಗೆ 2000ದಲ್ಲಿ ರಾಣಿ ಕೊಟ್ಟರು. ತೆಗೆದುಕೊಂಡಿದ್ದೂ ಎಡಿನ್‌ಬರೋದ ಅರಮನೆಯಲ್ಲೇ, ತಮ್ಮ ನಾಡಿನ ಕಿಲ್ಟ್ ಉಟ್ಟುಕೊಂಡು. ಹುಟ್ಟಿದ ವಠಾರದಿಂದ ಆ ಅರಮನೆಗೆ ಬರೀ ಕೆಲವೇ ಮೈಲಿ.

ಬಂಗಾರಪೇಟೆ ಲೋಕಲ್

ಭಾನುವಾರ ನೋಡಿದೆ. ರಾತ್ರಿ ಬರೆಯೋಣ ಅಂತಿದ್ದೆ, ಆಗಲಿಲ್ಲ.

ಚಿಕಾಗೊದ ಬೀದಿ ಕಾಯೋ ಮುದಿ ಪೊಲೀಸು. ಹೆಸರು ಮಲೋನ್. ಬಡ್ತಿ ಇಲ್ಲ, ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ರಾತ್ರಿ ಸೇತುವೆ ಮೇಲೆ ಕೆವಿನ್ ಕಾಸ್ಟ್‌ನರ್‌ನನ್ನು ತಡೆದು ಮಾತಾಡಿಸುತ್ತಾರಲ್ಲ, ಆ ಒಂದೇ ದೃಶ್ಯದಲ್ಲಿ ಅವರು ಎಷ್ಟು ವರ್ಷ ಆ ಬೀದಿ ನಡೆದಿದ್ದಾರೆ ಅಂತ ಗೊತ್ತಾಗುತ್ತದೆ. ಕೈಯಲ್ಲಿ ಬೀಗದ ಕೈ, ಅದಕ್ಕೆ ಕಟ್ಟಿದ ಸಂತನ ಪದಕ. ಗುಂಡೇಟು ತಿಂದು ತಮ್ಮ ಮನೆಯ ನೆಲದ ಮೇಲೆ ತೆವಳಿಕೊಂಡು ಹೋಗೋ ದೃಶ್ಯಕ್ಕೆ ನಮ್ಮ ತಾಯಿ ಎದ್ದು ಒಳಗೆ ಹೋಗಿಬಿಟ್ಟರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ.

ಬಾಂಡ್ ವಿಷಯದಲ್ಲಿ ನನಗೆ ಈಗಲೂ ಮೂರ್. ಆದರೆ ಮಲೋನ್‌ನನ್ನು ಮೂರ್ ಮಾಡೋಕೆ ಆಗುತ್ತಿರಲಿಲ್ಲ. ಅದನ್ನು ಒಪ್ಪುತ್ತೇನೆ.

ಗಣಿಯ ಮಗ (ಕೆಜಿಎಫ್)

ಆ ಪಾತ್ರಕ್ಕೇ 1988ರಲ್ಲಿ ಆಸ್ಕರ್ ಬಂದಿದ್ದು. ಪೋಷಕ ನಟ. ಸಭೆ ಪೂರ್ತಿ ಎದ್ದು ನಿಂತಿತ್ತು. ಅದಕ್ಕೂ ಹಿಂದೆ 'ದ ನೇಮ್ ಆಫ್ ದ ರೋಸ್' ಚಿತ್ರದ ಸನ್ಯಾಸಿ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ. ಮರುವರ್ಷ, 1989ರಲ್ಲಿ, 'ಇಂಡಿಯಾನಾ ಜೋನ್ಸ್ ಅಂಡ್ ದ ಲಾಸ್ಟ್ ಕ್ರುಸೇಡ್' ಚಿತ್ರದಲ್ಲಿ ನಾಯಕ ಹ್ಯಾರಿಸನ್ ಫೋರ್ಡ್‌ಗೆ ಅಪ್ಪ ಆದರು. ಅಸಲಿಗೆ ಇಬ್ಬರಿಗೂ 12 ವರ್ಷ ಅಂತರ ಅಷ್ಟೇ. ಬೋಳುತಲೆ, ಬಿಳಿ ಗಡ್ಡ ಎರಡನ್ನೂ ಮುಚ್ಚಿಡದೆ ತೋರಿಸಿದರು. ಬಾಂಡ್ ಚಿತ್ರಗಳಲ್ಲೆಲ್ಲ ಹಾಕಿದ್ದು ವಿಗ್ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ!

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಮುಳಬಾಗಿಲಿನ ತಮ್ಮನಿಗೆ ಅಂತ ಒಂದು ಘಟನೆ ಇಟ್ಟುಕೊಂಡಿದ್ದೆ. ಕಾನರಿಯವರೇ ಹೇಳಿಕೊಂಡದ್ದು.

ದೊಡ್ಡ ಹೆಸರು ಬಂದ ಮೇಲೆ ಒಂದು ಸಲ ಎಡಿನ್‌ಬರೋಗೆ ಹೋದವರು ಟ್ಯಾಕ್ಸಿ ಹತ್ತಿದರು. ಕಿಟಕಿಯಿಂದ ನೋಡ್ತಾ ಬಂದ ಬೀದಿಯ ಹೆಸರನ್ನೆಲ್ಲ ಹೇಳುತ್ತಾ ಹೋದರು. ಚಾಲಕನಿಗೆ ಆಶ್ಚರ್ಯ. ಇಷ್ಟೆಲ್ಲ ಹೇಗೆ ಗೊತ್ತು ನಿಮಗೆ ಅಂತ ಕೇಳಿದ. ಚಿಕ್ಕವನಿದ್ದಾಗ ಇಲ್ಲೆಲ್ಲ ಹಾಲು ಹಾಕುತ್ತಿದ್ದೆ ಅಂದರು. ಹೌದಾ, ಈಗ ಏನು ಕೆಲಸ ಮಾಡ್ತಿದ್ದೀರಿ ಅಂತ ಅವನು ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳೋದೇ ಕಷ್ಟ ಆಯಿತಂತೆ.

2020ರ ಅಕ್ಟೋಬರ್ 31ರಂದು ಬಹಾಮಾಸ್‌ನ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. 90 ವರ್ಷ. ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು ಅಂತ ಹೆಂಡತಿ ಹೇಳಿದರು. ಅದನ್ನು ಓದಿದ ದಿನ ನನಗೆ ಆ ಟ್ಯಾಕ್ಸಿಯೇ ನೆನಪಾಗಿದ್ದು.

ಹಾಲಿನ ಕ್ಯಾನು (ಮುಳಬಾಗಿಲು)

ಮೇಷ್ಟ್ರೇ, ಇವತ್ತು ಬೆಳಗ್ಗೆ ಕೊಟ್ಟಿಗೆಯಲ್ಲಿ ಈ ಘಟನೆಯನ್ನು ಅಪ್ಪನಿಗೆ ಹೇಳಿದೆ. ತೆಲುಗಿನಲ್ಲೇ ಹೇಳಿದೆ. ಅವರು ಕ್ಯಾನು ತೊಳೆಯುತ್ತಿದ್ದರು. ಟ್ಯಾಕ್ಸಿಯವನ ಎರಡನೇ ಪ್ರಶ್ನೆ ಬಂದಾಗ ಕೈ ನಿಂತಿತು. ಹಾಲು ಹಾಕಿದ ಬೀದಿಗಳನ್ನು ಅಷ್ಟು ವರ್ಷ ಆದ ಮೇಲೂ ಮರೆತಿರಲಿಲ್ಲವಾ ಅಂತ ಕೇಳಿದರು. ಇಲ್ಲ ಅಂದೆ.

ಮುಚ್ಚಳ ಒತ್ತಿ, ಕ್ಯಾನನ್ನು ಬೈಕಿನ ಹಿಂದೆ ಕಟ್ಟುವಾಗ ಅಂದರು, "ಆ ಪೊಲೀಸಿನವನ ಸಿನಿಮಾ ಅಂದ್ಯಲ್ಲ, ರಾತ್ರಿ ಹಾಕು. ಬೇಗ ಊಟ ಮಾಡೋಣ."